ಸಿದ್ದರಾಜು ಬಾಯಿ ತೆರೆದಾಗಲೆಲ್ಲ

ದೆವ್ವಗಳ ವಿಷಯದಲ್ಲಿ ನನ್ನ ನಿಲುವು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ ಬಹಳ ಖಚಿತ: ಅವು ಇಲ್ಲ. ಬೇಗೂರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನದ ಪಾಠ ಮಾಡುತ್ತಿರುವವನು ಬೇರೆ ನಿಲುವು ತಳೆದರೆ ಮಕ್ಕಳ ಮುಂದೆ ನಿಲ್ಲುವುದು ಹೇಗೆ? ಶಾಲೆ ಬಿಟ್ಟು ಗುಂಡ್ಲುಪೇಟೆಯ ಬಸ್ಸು ಹತ್ತಿದ ಮೇಲೆ ನಿಲುವು ಸ್ವಲ್ಪ ಸಡಿಲವಾಗುತ್ತದೆ. ನಮ್ಮ ಬಡಾವಣೆಗೆ ತಿರುಗುವಲ್ಲಿರುವ ಹುಣಸೆಮರದ ಕೆಳಗೆ ಒಬ್ಬನೇ ನಡೆಯಬೇಕಾಗಿ ಬಂದರೆ ಮೂಲವಸ್ತುಗಳ ಪಟ್ಟಿಯನ್ನು ಹೈಡ್ರೋಜನ್‌ನಿಂದ ಶುರುಮಾಡಿ ಸ್ವಲ್ಪ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತೇನೆ. ಇದುವರೆಗೆ ಕ್ಯಾಲ್ಸಿಯಂ ದಾಟಿ ಹೋಗಿಲ್ಲ, ಅಷ್ಟರಲ್ಲಿ ಬೀದಿದೀಪ ಸಿಗುತ್ತದೆ. ಆದರೆ ಈಗ ಹೇಳಹೊರಟಿರುವುದು ನಡೆದದ್ದು ಹುಣಸೆಮರದ ಕೆಳಗಲ್ಲ. ಮಟಮಟ ಮಧ್ಯಾಹ್ನ, ನನ್ನ ಮನೆಯಲ್ಲೇ, ನಾನೇ ಕೈಯಾರೆ ಜೋಡಿಸಿದ ಕಂಪ್ಯೂಟರಿನ ಮುಂದೆ.

ಅದನ್ನು ಜೋಡಿಸಿದ್ದು ಪಾಠದ ವಿಡಿಯೋ ಮಾಡಲೆಂದು. ಒಂದೊಂದೇ ಭಾಗ ತರಿಸಿ, ಮೊಬೈಲಿನಲ್ಲಿ ನೋಡಿಕೊಂಡು, ಒಂದು ತಿಂಗಳು ಒದ್ದಾಡಿ ಎಬ್ಬಿಸಿ ನಿಲ್ಲಿಸಿದೆ. ಕೊನೆಯಲ್ಲಿ ಮೂರು ಸ್ಕ್ರೂ ಮಿಕ್ಕವು. ನನ್ನ ಹೆಂಡತಿ ಗಿರಿಜಾ ಅವನ್ನು ಸಾಸಿವೆ ಡಬ್ಬಿಯ ಪಕ್ಕ ಒಂದು ಬಟ್ಟಲಲ್ಲಿಟ್ಟು, ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದಳು. "ಇವಿಲ್ಲದೇನೇ ಓಡುತ್ತೆ ನೋಡಿ, ಅಷ್ಟು ಚೆನ್ನಾಗಿ ಕಟ್ಟಿದಾರೆ" ಎಂದು. ಸುದ್ದಿ ಶಾಲೆಗೂ ಹೋಯಿತು. ಸೈನ್ಸ್ ಮೇಷ್ಟ್ರು ಕಂಪ್ಯೂಟರ್ ಕಟ್ಟುತ್ತಾರಂತೆ ಎಂಬ ಮಾತು ಅಡುಗೆಮನೆ ತಲುಪುವಷ್ಟರಲ್ಲಿ, ಮೇಷ್ಟ್ರು ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡುತ್ತಾರಂತೆ ಎಂದಾಗಿತ್ತು.

ಅಡುಗೆಮನೆ ಎಂದರೆ ಮಾದೇವಮ್ಮ. ನಮ್ಮ ಶಾಲೆಯ ಬಿಸಿಯೂಟ ಮಾಡುವಾಕೆ. ಒಂದು ದಿನ ಸೆರಗಿನ ಗಂಟಿನಿಂದ ಹಳೆಯ ಡಿಸ್ಕೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಬೆಕ್ಕು ಪರಚಿದ ಹಾಗೆ ಅದರ ತುಂಬ ಗೀರು. ಮಗಳು ರೂಪಾಳ ಮದುವೆಯ ವಿಡಿಯೋ. ಮದುವೆಯ ದಿನ ಅಡುಗೆಯವನು ಕೈಕೊಟ್ಟು, ಹೆಣ್ಣಿನ ತಾಯಿ ತಾನೇ ಒಲೆಯ ಮುಂದೆ ನಿಂತುಬಿಟ್ಟಿದ್ದಳು. ಡಿಸ್ಕ್ ಕೈಗೆ ಬಂದಾಗ ನೋಡೋಣವೆಂದರೆ ಮನೆಯ ಪ್ಲೇಯರ್ ಕೆಟ್ಟಿತ್ತು. ಆಮೇಲೆ ನೋಡಿದರಾಯಿತು ಎಂದು ವರ್ಷಗಳೇ ಕಳೆದವು. ಗಂಡ ಸಿದ್ದರಾಜು ಬಂಡೀಪುರದ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ಕೆಲಸದಲ್ಲಿದ್ದವನು. ಹುಲಿಯ ಎದುರು ನಿಂತು ಬಂದಿದ್ದನಂತೆ, ಆದರೆ ಕ್ಯಾಮೆರಾ ಕಂಡರೆ ಓಡುತ್ತಿದ್ದನಂತೆ. ಹೋದ ವರ್ಷ ಒಂದು ಮಧ್ಯಾಹ್ನ ಎದೆನೋವು ಎಂದು ಮಲಗಿದವನು ಏಳಲಿಲ್ಲ.

"ಸಾ, ಅವ್ರು ಓಡಾಡೋದು ಇರದು ಇದೊಂದ್ರಲ್ಲೇ ಕಣ. ಮದ್ವೇಲಿ ಕ್ಯಾಮ್ರಾದವ್ನ ಕಡೆ ತಿರುಗಿ ಏನೋ ಅಂದ್ರಂತೆ, ಎಲ್ಲಾ ನಕ್ಕುದ್ರಂತೆ. ಏನಂದ್ರು ಅಂತ ಕೇಳುದ್ರೆ ಒಬ್ರಿಗೂ ಗ್ಯಾಪ್ಕ ಇಲ್ಲ. ಬರೋ ಸೋಮ್ವಾರ ಬುಟ್ಟು ಅದರ ಮುಂದಿನ ಸೋಮ್ವಾರ ವರ್ಷದ್ ತಿಥಿ. ಅಷ್ಟರೊಳ್ಗೆ ಒಂದ್ಸಲ ಕೇಳ್ಸ್‌ಬುಡಿ ಸಾ."

ಆಗಲಿ ಎಂದುಬಿಟ್ಟೆ. ಡಿಸ್ಕಿನಿಂದ ಹೇಗೋ ಕಾಪಿ ತೆಗೆದೆ. ಚಿತ್ರವೆಲ್ಲ ಒಡೆದ ಗಾಜಿನಂತೆ ಚೂರುಚೂರು. ಅದನ್ನು ಸರಿಪಡಿಸುವ ಒಂದು ಸಾಫ್ಟ್‌ವೇರ್ ಇದೆ. ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಚಿತ್ರವನ್ನು ತಿದ್ದುತ್ತ ಹೋಗುತ್ತದೆ. ತಿದ್ದುವಾಗ ಪರದೆಯ ಮೇಲೆ ಕಾಣಿಸುತ್ತದೆ, ಶಬ್ದ ಮಾತ್ರ ಬರುವುದಿಲ್ಲ, ಅದು ಕೆಲಸ ಮುಗಿದ ಮೇಲೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಾದೇವಮ್ಮ ನಮ್ಮ ಮನೆಗೆ ಬಂದಳು. ಗಿರಿಜಾಳೂ ಸೇರಿ ಮೂವರೂ ಕೂತು ನೋಡಿದೆವು. ಸದ್ದಿಲ್ಲದ ಓಲಗ, ಸದ್ದಿಲ್ಲದ ನಗು. ಇಪ್ಪತ್ತು ನಿಮಿಷವಾದ ಮೇಲೆ ಚಪ್ಪರದ ಕಂಬದ ಪಕ್ಕ ಬಿಳಿ ಷರಟಿನ ಬೆನ್ನೊಂದು ಕಂಡಿತು. "ಅವ್ರೇ" ಎಂದಳು ಮಾದೇವಮ್ಮ. ಆ ಬೆನ್ನು ನಿಧಾನವಾಗಿ ತಿರುಗಿತು. ಸಿದ್ದರಾಜು ನಮ್ಮನ್ನೇ ನೋಡಿದ. ಬಾಯಿ ತೆರೆದ. ಕಂಪ್ಯೂಟರ್ ಟಪ್ಪನೆ ಆರಿಹೋಯಿತು.

ಕಪ್ಪಾದ ಪರದೆಯಲ್ಲಿ ನಮ್ಮ ಮೂವರ ಮುಖ ಮಾತ್ರ ಉಳಿದವು.

ಕರೆಂಟ್ ಹೋಗಿರಲಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಮತ್ತೆ ಶುರುಮಾಡಿದೆ. ಮತ್ತೆ ಇಪ್ಪತ್ತು ನಿಮಿಷ, ಮತ್ತೆ ಬೆನ್ನು, ಮತ್ತೆ ತಿರುಗಿ ಬಾಯಿ ತೆರೆದದ್ದೇ ಕತ್ತಲೆ. ಮೂರನೆಯ ಸಲವೂ ಹಾಗೇ. "ಅವ್ರಿಗೆ ಇಷ್ಟ ಇಲ್ವೇನೋ ಸಾ" ಎಂದು ಮಾದೇವಮ್ಮ ಎದ್ದು ಹೋದಳು. ನಾನು ಅಂದು ಮಧ್ಯಾಹ್ನ ನಾಲ್ಕು ಗಂಟೆಗೇ ಆ ಕೋಣೆಯ ದೀಪ ಹಾಕಿಟ್ಟೆ.

ಚಾಮರಾಜನಗರದ ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದಾಗ ಅವನು ನಕ್ಕುಬಿಟ್ಟ. "ದೆವ್ವ ಅಲ್ಲ ಸಾರ್, ಹೀಟು. ಪ್ರೊಸೆಸರ್ ದೊಡ್ಡದು ಹಾಕಿದೀರ, ಅದನ್ನ ತಣ್ಣಗಿಡೋ ಕೂಲರ್ ಚಿಕ್ಕದು. ಕಾದು ಕಾದು ತಾನೇ ಆಫ್ ಆಗ್ತದೆ. ಪ್ರತಿ ಸಲ ಮೊದಲಿಂದ ಶುರುಮಾಡಿದ್ರೆ ಅಲ್ಲಿಗೇ ಬಂದು ನಿಲ್ತದೆ." ಎಷ್ಟು ಸರಳ! ಉಷ್ಣದ ಪಾಠವನ್ನು ಇಪ್ಪತ್ತೆರಡು ಸಲ ಮಾಡಿದ ನನಗೆ ಹೊಳೆಯಬಾರದೇ? ಅವಮಾನ ಮುಚ್ಚಿಕೊಳ್ಳಲು ಅವನಲ್ಲಿದ್ದ ಅತಿ ದೊಡ್ಡ ಕೂಲರನ್ನೇ ಕೇಳಿದೆ. ಕಂಪ್ಯೂಟರ್ ಕ್ಯಾಬಿನೆಟ್ಟಿನ ಅಳತೆ ನೋಡಿದ್ದೀರಾ ಎಂದ. ನೋಡಿದ್ದೇನೆ ಎಂದು ಸುಳ್ಳು ಹೇಳಿದೆ. ಮರುದಿನ ಹೋಗಿ ತಂದೆ. ಬಸ್ಸಿನಲ್ಲಿ ತೆರಕಣಾಂಬಿಯವರೆಗೆ ಪಕ್ಕ ಕೂತಿದ್ದ ಅಜ್ಜಿ ನನ್ನ ತೊಡೆಯ ಮೇಲಿನ ಪೆಟ್ಟಿಗೆಯನ್ನೇ ನೋಡುತ್ತಿದ್ದು, "ಮಿಕ್ಸಿಯಾ ಮಗಾ?" ಎಂದು ಕೇಳಿದಳು. ಹೂಂ ಎಂದೆ. ವಿವರಿಸಲು ಅವಳು ಇಳಿಯುವ ತೆರಕಣಾಂಬಿ ಸಾಲದು, ನಾನು ಇಳಿಯುವ ಗುಂಡ್ಲುಪೇಟೆಯೇ ಬರಬೇಕಾಗಿತ್ತು.

ತಿಥಿಯ ಹಿಂದಿನ ದಿನ, ಭಾನುವಾರ, ಮಾದೇವಮ್ಮ ಮತ್ತೆ ಬಂದಳು. ಕೂಲರನ್ನು ಪೆಟ್ಟಿಗೆಯಿಂದ ತೆಗೆದೆ. ಮಗುವಿನಷ್ಟು ಭಾರ. ತೆಳ್ಳನೆಯ ಅಲ್ಯುಮಿನಿಯಂ ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿದ ಎರಡು ಗೋಪುರ, ನಡುವೆ ಒಂದು ಫ್ಯಾನು. "ಎರಡು ಇಡ್ಲಿ ಸ್ಟ್ಯಾಂಡಿಗೆ ಮದುವೆ ಮಾಡಿದ ಹಾಗಿದೆ" ಎಂದಳು ಗಿರಿಜಾ. ಪ್ರೊಸೆಸರಿನ ಮೇಲೆ ಬಟಾಣಿ ಕಾಳಿನಷ್ಟು ಶಾಖ ದಾಟಿಸುವ ಪೇಸ್ಟ್ ಹಾಕಬೇಕೆಂದು ಓದಿದ್ದೆ, ಒತ್ತಿದ್ದು ಹೆಚ್ಚಾಗಿ ನೆಲ್ಲಿಕಾಯಿಯಷ್ಟಾಯಿತು. ಗಿರಿಜಾ ಟಾರ್ಚ್ ಹಿಡಿದಳು, ಮಾದೇವಮ್ಮ ಹಿಂದಿನಿಂದ ಆಧಾರದ ತಗಡು ಒತ್ತಿ ಹಿಡಿದಳು, ನಾನು ಸ್ಕ್ರೂ ತಿರುಗಿಸಿದೆ. ಮೂವರೂ ಬೆವರಿ ಕೂರಿಸಿದ ಮೇಲೆ ನೋಡಿದರೆ, ಅದರ ನೆತ್ತಿ ಕ್ಯಾಬಿನೆಟ್ಟಿನಿಂದ ಎರಡು ಬೆರಳು ಆಚೆಗಿತ್ತು. ಪಕ್ಕದ ಬಾಗಿಲು ಹಾಕಲಾಗಲಿಲ್ಲ. "ಗಾಳಿ ಆಡಲಿ" ಎಂದೆ, ಮೊದಲೇ ಯೋಚಿಸಿದ್ದವನಂತೆ.

ಶುರುಮಾಡಿದೆ. ದೊಡ್ಡ ಫ್ಯಾನು ನಿದ್ದೆಯಲ್ಲಿರುವವರು ಉಸಿರಾಡುವಂತೆ ಸದ್ದು ಮಾಡತೊಡಗಿತು. ಹತ್ತು ನಿಮಿಷ. ಹದಿನೈದು. ಬಿಳಿ ಷರಟಿನ ಬೆನ್ನು. ತಿರುಗಿದ. ನೋಡಿದ. ಬಾಯಿ ತೆರೆದ.

ಕತ್ತಲೆ.

ಒಂದು ಕೆ.ಜಿ. ಮೀರಿದ ಕೂಲರ್ ಹಾಕಿದ ಮೇಲೂ ಅದೇ ಕ್ಷಣ! ಭದ್ರತೆಗೆಂದು ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಕೂಲರಿನ ಫ್ಯಾನು ನಿಧಾನವಾಗಿ ನಿಂತಿತು. ಆಗ ಅದು ಮತ್ತೆ ತಿರುಗತೊಡಗಿತು. ಈ ಸಲ ಹಿಂದುಹಿಂದಕ್ಕೆ, ಯಾರೋ ಒಂದು ಬೆರಳಿನಿಂದ ತಳ್ಳಿದಷ್ಟು ಮೆಲ್ಲಗೆ. ವೈರು ನನ್ನ ಕೈಯಲ್ಲೇ ಇತ್ತು. ಮಾದೇವಮ್ಮ ಎದ್ದು ಕೈಮುಗಿದು, "ಮಾದೇವಾ" ಎಂದಳು.

"ಗಾಳಿ, ಕಿಟಕಿಯ ಗಾಳಿ" ಎಂದೆ. ನನ್ನ ಧ್ವನಿ ಏಳನೇ ತರಗತಿ ಹುಡುಗನದಾಗಿತ್ತು. ಗಿರಿಜಾ ಕಿಟಕಿ ಮುಚ್ಚಿದಳು. ಫ್ಯಾನು ನಿಂತಿತು. ಮಕ್ಕಳಿಗೆ ಈಗಲೂ ಇದನ್ನು ಗಾಳಿಯ ಚಲನೆಗೆ ಉದಾಹರಣೆಯಾಗಿ ಕೊಡುತ್ತೇನೆ. ಕಿಟಕಿಯ ಪರದೆ ಆಗ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಇನ್ನು ನನ್ನಿಂದಾಗದು, ತಿಥಿ ಹೀಗೇ ಮುಗಿಸಿಬಿಡಿ ಎನ್ನಲು ಹೊರಟಿದ್ದೆ. ಅಷ್ಟರಲ್ಲಿ ಮಾದೇವಮ್ಮ ಹತ್ತಿರ ಹೋಗಿ, ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಕೂಲರಿನ ಮೇಲೆ ಅಂಗೈ ಇಟ್ಟಳು. ಬುಡದ ತನಕ ಸವರಿದಳು.

"ಸಾ, ಇದು ತಣ್ಣಗದೆ."

"ಏನು?"

"ತಣ್ಣಗದೆ ಸಾ, ಮಡಕೆ ನೀರಂಗೆ. ಕಾದು ಕಾದು ಆರೋಯ್ತದೆ ಅಂದ್ರಿ. ಒಲೆ ಮ್ಯಾಲೆ ಇಪ್ಪತ್ತು ನಿಮ್ಸ ಇಟ್ಟ ತಪ್ಪಲೆ ತಣ್ಣಗಿದ್ರೆ ಏನರ್ಥ? ತಳ ಉರಿಗೆ ತಾಕಿಲ್ಲ ಅಂತ ತಾನೆ?"

ಉಷ್ಣವಹನ, ಏಳನೇ ತರಗತಿ. ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಶಾಖ ಹರಿಯಬೇಕಾದರೆ ಅವೆರಡೂ ಒಂದನ್ನೊಂದು ಮುಟ್ಟಿರಬೇಕು. ನಾಲ್ಕೂ ಸ್ಕ್ರೂ ಬಿಚ್ಚಿ ಕೂಲರನ್ನು ಮಗುಚಿದೆ. ಅದರ ತಳಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿತ್ತು. ಮೇಲೆ ಕೆಂಪು ಅಕ್ಷರದಲ್ಲಿ, ಬಳಸುವ ಮೊದಲು ಇದನ್ನು ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಗಿರಿಜಾ ಅದನ್ನು ಗಟ್ಟಿಯಾಗಿ ಓದಿದಳು. ಆಮೇಲೆ ನಿಧಾನವಾಗಿ ಇನ್ನೊಂದು ಸಲ ಓದಿದಳು.

ಹಾಳೆ ಕಿತ್ತು, ಒರೆಸಿ, ಪೇಸ್ಟ್ ಹಚ್ಚಿ ಕೂರಿಸಿದೆವು. ಈ ಸಲ ಮಾದೇವಮ್ಮ ಆಗಾಗ ಮುಟ್ಟಿ ನೋಡಿ, "ಬೆಚ್ಚಗಾಯ್ತಾ ಅದೆ" ಎಂದು ವರದಿ ಕೊಡುತ್ತಿದ್ದಳು. ಸಿದ್ದರಾಜು ತಿರುಗಿದ, ಬಾಯಿ ತೆರೆದ, ಏನೋ ಆಡಿದ, ಸುತ್ತಲಿನವರು ನಕ್ಕರು, ಮದುವೆ ಮುಂದೆ ಸಾಗಿತು. ಎರಡು ಗಂಟೆ ಹೊತ್ತಿಗೆ ಕೆಲಸ ಮುಗಿಯಿತು. ಶಬ್ದ ಏರಿಸಿ ಅದೇ ಜಾಗ ಹಾಕಿದೆ.

ಓಲಗದ ನಡುವೆ ಒರಟು ದನಿ ಬಂತು. "ನನ್ನೇನ್ಲಾ ತಗೀತೀಯೆ? ಒಳೀಕೆ ಓಗು. ಒಲೆ ಮುಂದೆ ನಮ್ಮವ್ಳು ನಿಂತವ್ಳೆ, ಅವಳ್ನ ತಗಿ. ಬೆಳಗ್ನಿಂದ ಅವಳ್ದು ಒಂದೂ ಬಂದಿಲ್ಲ."

ಜನ ನಕ್ಕರು. ಸಿದ್ದರಾಜು ನಗಲಿಲ್ಲ. ಇನ್ನೂ ನಮ್ಮ ಕಡೆಗೇ ನೋಡುತ್ತಿದ್ದ. ಮುಂದಿನ ಚಿತ್ರ ಊಟದ ಪಂಕ್ತಿಯದು. ಕ್ಯಾಮೆರಾದವನು ಒಳಗೆ ಹೋಗಿರಲೇ ಇಲ್ಲ.

ಅಲ್ಲೇ ನಿಲ್ಲಿಸಿ ತಿರುಗಿ ನೋಡಿದೆ. ಮಾದೇವಮ್ಮ ಪರದೆಯತ್ತ ನೋಡುತ್ತ, ಹಣೆಯ ಮೇಲಿನ ಕೂದಲು ಹಿಂದಕ್ಕೆ ತಳ್ಳಿಕೊಂಡು, ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದಳು. ಆಮೇಲೆ, "ಇಷ್ಟು ಯೇಳಕ್ಕೆ ಒಂದು ವಾರ ಆಟ ಆಡುಸ್ಬುಟ್ರಲ್ಲಾ" ಎಂದು ಕಣ್ಣೊರೆಸಿಕೊಂಡು, ನಾನು ವಿಡಿಯೋ ಹಾಕಿಕೊಟ್ಟ ಪೆನ್‌ಡ್ರೈವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬೇಗೂರಿನ ಬಸ್ಸಿಗೆ ಹೊರಟಳು.

ಆಕೆ ಹೋದ ಮೇಲೆ ಸುಮ್ಮನೆ ನನ್ನ ಮೊಬೈಲಿನ ಫೋಟೋಗಳನ್ನು ತಿರುವಿದೆ. ಕೂಲರಿನ ಫೋಟೋ, ಎಡದಿಂದ, ಬಲದಿಂದ, ಮೇಲಿನಿಂದ. ಪ್ರೊಸೆಸರ್, ವೈರು, ಖಾಲಿ ಪೆಟ್ಟಿಗೆ. ಹಿಂದಕ್ಕೆ ಹೋದಷ್ಟೂ ಶಾಲೆಯ ಉಪಕರಣ, ಇಲಾಖೆಯ ಸುತ್ತೋಲೆ. ಗಿರಿಜಾ ಎಲ್ಲಿಯೂ ಇರಲಿಲ್ಲ. ಬಹಳ ಹುಡುಕಿದ ಮೇಲೆ ಒಂದು ಫೋಟೋದ ಅಂಚಿನಲ್ಲಿ ಸಿಕ್ಕಿದಳು. ಟಾರ್ಚ್ ಹಿಡಿದ ಒಂದು ಕೈ, ಎರಡು ಬಳೆ. ಅಷ್ಟೇ.

ಎದ್ದು ಒಳಗೆ ಹೋದೆ. ಅವಳು ಅಡುಗೆಮನೆಯಲ್ಲಿ ಬೀನ್ಸ್ ಸೋಸುತ್ತಿದ್ದಳು. ಮೊಬೈಲ್ ಎತ್ತಿ ಹಿಡಿದು, "ಗಿರಿಜಾ, ಸ್ವಲ್ಪ ಈ ಕಡೆ ನೋಡು. ಒಂದು ಫೋಟೋ" ಎಂದೆ, ಆದಷ್ಟು ಮೃದುವಾಗಿ.

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಹೀಗೆ ಕೇಳಿದ್ದು ಅದೇ ಮೊದಲು. ಅವಳ ಕೈ ಬೀನ್ಸಿನ ಮೇಲೇ ನಿಂತಿತು. ನನ್ನನ್ನೂ ಮೊಬೈಲನ್ನೂ ಒಂದು ಸಲ ನೋಡಿದಳು. ಮುಖದ ಬಣ್ಣ ಇಳಿಯಿತು.

"ರೀ" ಎಂದಳು ಸಣ್ಣ ದನಿಯಲ್ಲಿ, "ಮೊನ್ನೆ ನನ್ನ ರಕ್ತ ಪರೀಕ್ಷೆ ಮಾಡಿಸಿದ್ರಲ್ಲ, ಅದರಲ್ಲಿ ಏನಾದ್ರೂ ಬಂದಿದ್ಯಾ? ನಿಜ ಹೇಳಿಬಿಡಿ."