ಟರ್ನರ್ ಭಾವನ ಮೂರು ತಿಂಗಳು

ನಮ್ಮ ಭಾವನವರ ಕಣ್ಣನ್ನು ನಂಬಬೇಡಿ, ಕಿವಿಯನ್ನಂತೂ ನಂಬಲೇಬೇಡಿ. ನಂಬುವುದಾದರೆ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಮಾತ್ರ ನಂಬಿ. ಅವರು ನಂಬುತ್ತಿದ್ದದ್ದೂ ಅವೆರಡನ್ನೇ. ಬಸ್ಸಿನಲ್ಲಿ ಕಂಬಿ ಸಿಕ್ಕಿದರೆ ಸವರುವರು, ಯಾರ ಮನೆಗೆ ಹೋದರೂ ಬಾಗಿಲ ಚಿಲಕ ಸವರುವರು, ಒಮ್ಮೆ ಸತ್ಯನಾರಾಯಣ ಪೂಜೆಯಲ್ಲಿ ಕಲಶದ ಕಂಠ ಸವರಿ ಪುರೋಹಿತರಿಂದ ಬೈಸಿಕೊಂಡವರು. ಸವರಿ ಸುಮ್ಮನಿದ್ದರಾದರೂ ಆಗುತ್ತಿತ್ತು. 'ಇಲ್ಲಿ ಒಂಚೂರು ದಪ್ಪ ಐತೆ' ಎಂಬ ತೀರ್ಪು ಬೇರೆ!

ಅಕ್ಕನನ್ನು ನೋಡಲು ಅವರು ಸಾಲಿಗ್ರಾಮದಿಂದ ಕೆ.ಆರ್. ನಗರದ ನಮ್ಮ ಮನೆಗೆ ಬಂದಿದ್ದಾಗ ಇದು ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಕಾಫಿ ಕೊಟ್ಟಳು. ಭಾವ ಲೋಟ ಹಿಡಿದವರು ಅದನ್ನೇ ತಿರುಗಿಸುತ್ತ ಕೂತರು, ತಲೆ ಎತ್ತಲಿಲ್ಲ. ಅವರು ಹೋದ ಮೇಲೆ ನಮ್ಮಜ್ಜಿ, 'ಹೈದ ತಲೇನೇ ಎತ್ತನಿಲ್ಲ ಕಣವ್ವ, ಬಲು ಸಂಕೋಚದೋನು' ಎಂದು ಮೆಚ್ಚಿ ಮದುವೆ ಗಟ್ಟಿ ಮಾಡಿದರು. ಸಂಕೋಚವೆಲ್ಲಿ ಬಂತು? ಲೋಟ ಸರಿಯಾಗಿ ದುಂಡಗಿರಲಿಲ್ಲವಂತೆ. ಮದುವೆಯಾಗಿ ವರ್ಷ ಕಳೆದ ಮೇಲೆ ಅವರೇ ಒಪ್ಪಿಕೊಂಡರು. ಹಾಗಾದರೆ ಆ ಲೋಟವನ್ನೇ ಕಟ್ಟಿಕೊಳ್ಳಬಹುದಿತ್ತಲ್ಲ ಎಂದು ಅಕ್ಕ ಇವತ್ತಿಗೂ ಕೇಳುತ್ತಾಳೆ.

ಭಾವ ಐಟಿಐ ಓದಿದ ಟರ್ನರ್. ಮೈಸೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೇತ್ ಮಿಷನ್ನಿನ ಮುಂದೆ ಇಪ್ಪತ್ತು ವರ್ಷ ನಿಂತವರು. ಮದುವೆಯಾದ ಮೇಲೆ ಕೆ.ಆರ್. ನಗರದ ನಮ್ಮ ಬೀದಿಯಲ್ಲೇ ಮನೆ ಮಾಡಿದ್ದರು; ಬೆಳಗಿನ ರೈಲಿಗೆ ಹೋಗುವುದು, ಸಂಜೆಯ ರೈಲಿಗೆ ಬರುವುದು. ಗಿರ್ರನೆ ತಿರುಗುವ ಉಕ್ಕಿನ ತುಂಡನ್ನು ಉಳಿಯಿಂದ ಇಷ್ಟಿಷ್ಟೇ ಹೆರೆದು ಹೇಳಿದ ಗಾತ್ರಕ್ಕೆ ತರುವುದು ಅವರ ಕೆಲಸ. ಒಂದು ಸಲ ಹೆರೆಯುವುದು, ಮಿಷನ್ ನಿಲ್ಲಿಸಿ ಮುಟ್ಟಿ ನೋಡುವುದು, ಮತ್ತೆ ಹೆರೆಯುವುದು. ಅಳತೆಯ ಉಪಕರಣ ಪಕ್ಕದಲ್ಲೇ ಇದ್ದರೂ ಅದು ಎರಡನೆಯ ಅಭಿಪ್ರಾಯಕ್ಕೆ ಮಾತ್ರ. ಭಾನುವಾರಗಳಲ್ಲಿ ಹಂಪಾಪುರದ ಕಡೆಯಿಂದಲೂ ರೈತರು ಪಂಪ್‌ಸೆಟ್ಟಿನ ಶಾಫ್ಟನ್ನು ಟವೆಲಿನಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ಬರುತ್ತಿದ್ದರು. ಭಾವ ಕಣ್ಣು ಮುಚ್ಚಿ ಸವರಿ, ಎಲ್ಲಿ ಸವೆದಿದೆಯೆಂದು ಪಂಡಿತರು ನಾಡಿ ಹಿಡಿದ ಹಾಗೆ ಹೇಳುತ್ತಿದ್ದರು.

ಹೀಗಿರುವಾಗ ತೊಂಬತ್ತರ ದಶಕದ ಕೊನೆಯಲ್ಲಿ ಕಾರ್ಖಾನೆಗೆ ಕಂಪ್ಯೂಟರಿನ ಲೇತ್ ಬಂತು. ಅದಕ್ಕೆ ಗಾಜಿನ ಕೋಣೆ ಕಟ್ಟಿಸಿ ಏಸಿ ಹಾಕಿಸಿದರು. ಇಪ್ಪತ್ತು ವರ್ಷದಿಂದ ಒಂದು ಫ್ಯಾನು ಕೇಳುತ್ತಿದ್ದ ಭಾವ, ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಿಷನ್ನಿಗೆ ಬೀಸುತ್ತಿದ್ದ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದರಂತೆ.

ಹಿಂದೆಯೇ ನೋಟೀಸ್ ಬೋರ್ಡಿನಲ್ಲಿ ಹೊಸ ಹುದ್ದೆಗಳ ಪಟ್ಟಿ ಬಿತ್ತು. ಆಪರೇಟರ್, ಸೆಟ್ಟರ್, ಪ್ರೋಗ್ರಾಮರ್, ಇನ್‌ಸ್ಪೆಕ್ಟರ್. ಭಾವ ಎಸ್ಸೆಸ್ಸೆಲ್ಸಿ ರಿಸಲ್ಟು ಹುಡುಕಿದ ಹಾಗೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹುಡುಕಿದರು. ಟರ್ನರ್ ಎಂಬ ಮಾತೇ ಇರಲಿಲ್ಲ. ಹಳಬರು ಮೂರು ತಿಂಗಳಲ್ಲಿ ಹೊಸ ಮಿಷನ್ ಕಲಿತು ಪರೀಕ್ಷೆ ಪಾಸು ಮಾಡಿದರೆ ಆಪರೇಟರ್, ಇಲ್ಲವಾದರೆ ಸ್ವಯಂ ನಿವೃತ್ತಿ. ಭಾವನಿಗೆ ಆಗ ನಲವತ್ತೈದು. ಇಬ್ಬರು ಹೆಣ್ಣುಮಕ್ಕಳು ಹೈಸ್ಕೂಲಿನಲ್ಲಿದ್ದರು.

ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಚಿಂತೆ ಮಾಡುವುದು ನನ್ನ ಹೆಚ್ಚುವರಿ ಪ್ರಭಾರ. ಈ ವಿಷಯ ಕೈಗೆ ಸಿಕ್ಕ ಮೇಲೆ ಮೂಲ ಹುದ್ದೆಗೆ ಸಮಯವೇ ಸಾಲಲಿಲ್ಲ. ಭಾವ ಫೇಲಾದರೆ ಸಾಲಿಗ್ರಾಮದಲ್ಲಿ ಎಸ್‌ಟಿಡಿ ಬೂತ್ ಇಡಬಹುದೇ, ಝೆರಾಕ್ಸ್ ಅಂಗಡಿ ನಡೆದೀತೇ ಎಂದೆಲ್ಲ ವಿಚಾರಿಸಿಕೊಂಡು ಹೋಗಿ ಅವರಿಗೆ ಒಪ್ಪಿಸಿದೆ. ಭಾವ ಪೂರ್ತಿ ಕೇಳಿಸಿಕೊಂಡು, 'ನಾನಿನ್ನೂ ಫೇಲಾಗಿಲ್ಲ ಕಣಯ್ಯ, ಒಸಿ ತಡಿ' ಎಂದರು.

ಅವರಿಗೆ ಕಲಿಸುತ್ತಿದ್ದವಳು ಪಿರಿಯಾಪಟ್ಟಣದ ಕಡೆಯ ಹುಡುಗಿ. ಡಿಪ್ಲೊಮಾ ಮುಗಿಸಿ ಪ್ರೋಗ್ರಾಮರ್ ಆಗಿ ಸೇರಿದವಳು. ಮಿಷನ್ನಿಗೆ ಕೊಡಬೇಕಾದ ಅಪ್ಪಣೆಗಳನ್ನೆಲ್ಲ ಸಾಲುಸಾಲಾಗಿ ಬರೆಸುವಳು. ಭಾವ ಅದನ್ನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ರೈಲಿನಲ್ಲಿ ಬಾಯಿಪಾಠ ಮಾಡಿ, ಒಂದೇ ತಿಂಗಳಲ್ಲಿ ಅರೆದು ಕುಡಿದರು. ಪಕ್ಕದಲ್ಲಿ ಕೂರುತ್ತಿದ್ದ ಹಾಲಿನ ಡೇರಿಯವರು ಇದ್ಯಾವ ದೇವರ ಅಷ್ಟೋತ್ತರ ಎಂದು ಕೇಳಿದ್ದರಂತೆ.

ಕಲಿಯದೇ ಹೋದದ್ದು ತಲೆಯಲ್ಲ, ಕೈ.

ಆ ಮಿಷನ್ನು ಬಾಗಿಲು ಮುಚ್ಚಿಕೊಂಡು ಒಳಗೇ ಹೆರೆಯುತ್ತದೆ. ಬಾಗಿಲು ತೆಗೆದರೆ ನಿಂತುಬಿಡುತ್ತದೆ. ಭಾವ ಪ್ರತಿ ಸಲವೂ ಬಾಗಿಲು ತೆಗೆದು ಮುಟ್ಟಿ ನೋಡುವರು. ದಿನಕ್ಕೆ ನಲವತ್ತು ಪೀಸು ಆಗಬೇಕಾದ ಕಡೆ ಹದಿನೈದೂ ಆಗುತ್ತಿರಲಿಲ್ಲ. ಕೈ ಹಾಕಬೇಡಿ ಸರ್, ಅದೇ ಅಳೆದುಕೊಳ್ಳುತ್ತದೆ ಎಂದು ಆ ಹುಡುಗಿ ಹೇಳಿ ಹೇಳಿ ಸೋತಳು.

'ಅದು ಅಳ್ಕತದೆ ಮೇಡಂ. ನಂಗೆ ಗೊತ್ತಾಗ್ಬೇಕಲ್ಲ' ಎಂದರಂತೆ ಭಾವ.

ಮುಟ್ಟಿ ನೋಡಿದಾಗ ಎಂದಾದರೂ ತಪ್ಪಿತ್ತೇ ಎಂದು ನಾನು ಆಸೆಯಿಂದ ಕೇಳಿದೆ. ಒಂದೇ ಒಂದು ತಪ್ಪಾದರೂ ಸಿಕ್ಕಿದ್ದರೆ ಭಾವನ ಪರವಾಗಿ ಒಂದು ಅರ್ಜಿ ಬರೆಯಬಹುದಿತ್ತು.

'ಒಂದ್ ಸಲಾನೂ ತಪ್ಪಿರ್ನಿಲ್ಲ ಕಣಯ್ಯ. ಅದೇ ಕಷ್ಟ ಆಗಿರೋದು.'

ಕೊನೆಗೆ ಅಕ್ಕ ಮನೆಯಲ್ಲೇ ತರಬೇತಿ ಶುರು ಮಾಡಿದಳು. ಭಾವನಿಗೆ ಕುಕ್ಕರಿನ ಮೇಲೂ ನಂಬಿಕೆಯಿರಲಿಲ್ಲ. ಕೂಗಿ ನಿಂತ ಮೇಲೂ ಮುಚ್ಚಳ ತೆಗೆದು ಅಗುಳು ಹಿಸುಕಿ ನೋಡಿಯೇ ಬಡಿಸಲು ಬಿಡುತ್ತಿದ್ದರು. ಅಕ್ಕ ಅವರನ್ನು ಒಲೆಯ ಮುಂದೆ ಕೂರಿಸಿ, 'ಮೂರು ಕೂಗುದ್ರೆ ಬೆಂದಿರ್ತದೆ. ನೀವು ಮುಟ್ಟಿದ್ರೆ ಕೈ ಬೇಯ್ತದೆ, ಅಷ್ಟೇಯ' ಎಂದಳು. ಭಾವ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು. ಹೀಗೆ ಹದಿನೈದು ದಿನ. ಹೋದಾಗೆಲ್ಲ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಕುಕ್ಕರನ್ನು ಅಷ್ಟು ಗಂಭೀರವಾಗಿ ನೋಡಿದ ಗಂಡಸರು ನಮ್ಮ ಬೀದಿಯಲ್ಲಿ ಬೇರೆ ಇರಲಾರರು.

ಪರೀಕ್ಷೆಯ ದಿನ ನಾನು ಅರ್ಧ ದಿನ ರಜೆ ಹಾಕಿ, ರೈಲಿಗೆ ಎರಡು ಗಂಟೆ ಮುಂಚೆಯೇ ಸ್ಟೇಷನ್ನಿಗೆ ಹೋಗಿ ನಿಂತೆ. ಭಾವ ಫೇಲಾಗಿರಬಹುದು, ಫೇಲಾಗಿ ರೈಲು ಹತ್ತದೇ ಇರಬಹುದು, ಹತ್ತಿ ಇಳಿಯದೇ ಮುಂದಕ್ಕೆ ಹೋಗಬಹುದು ಎಂದು ಒಂದೊಂದಾಗಿ ಯೋಚಿಸಿ ಮುಗಿಸುವಷ್ಟರಲ್ಲಿ ರೈಲು ಬಂತು. ಭಾವ ಇಳಿದರು.

'ಪಾಸಾಯ್ತು ಕಣಯ್ಯ.'

ನಾನು ಸಾಲಿಗ್ರಾಮದ ನರಸಿಂಹಸ್ವಾಮಿಗೆ ಅಲ್ಲೇ ಕೈ ಮುಗಿದು, ಬ್ಯಾಗು ಇಸಿದುಕೊಂಡು ಹೊರಟೆ. ಹಿಂತಿರುಗಿ ನೋಡಿದರೆ ಭಾವ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಅವರೇ ಹೇಳಿದರು. ಇಡೀ ದಿನ ಒಂದು ಸಲವೂ ಬಾಗಿಲು ತೆಗೆದು ಮುಟ್ಟಿ ನೋಡಲಿಲ್ಲವಂತೆ. ನಲವತ್ತಕ್ಕೆ ನಲವತ್ತೂ ಸರಿ ಬಂತಂತೆ. ಆ ಹುಡುಗಿಯೇ ಓಡಿ ಬಂದು ಹೇಳಿ, ಕಾಲು ಮುಟ್ಟಿ ನಮಸ್ಕಾರ ಮಾಡಿದಳಂತೆ.

'ಆಮೇಲೆ ಎಲ್ಲಾನೂ ಟ್ರೇಗಾಕುದ್ರು' ಎಂದರು. 'ಬ್ಯಾರೆಯವ್ರು ಮಾಡಿದ್ದೂ ಅಲ್ಲೇ ಇದ್ವು. ನಂದ್ಯಾವ್ದು ಅಂತ ಹುಡುಕ್ದೆ. ಗೊತ್ತಾಗ್ನಿಲ್ಲ.'

ನಾನು ಬ್ಯಾಗನ್ನು ಕೆಳಗಿಟ್ಟೆ.

'ಮೊದ್ಲೆಲ್ಲ ಸಾವಿರ ಪೀಸಿನ್ ಜೊತೆ ಕಲಸಾಕುದ್ರೂ ನಾನ್ ಮಾಡಿದ್ದು ನಂಗೆ ಸಿಕ್ಬುಡದು.'

ಮೂರು ತಿಂಗಳಿಂದ ನಾನು ಅವರು ಫೇಲಾಗುವುದನ್ನು ಬಿಟ್ಟೂಬಿಡದೆ ಎಷ್ಟು ಬಗೆಯಲ್ಲಿ ಯೋಚಿಸಿದ್ದೆ! ಪಾಸಾದರೆ ಅವರಿಗೆ ಏನಾದೀತು ಎಂದು ಒಂದು ನಿಮಿಷವೂ ಚಿಂತಿಸಿರಲಿಲ್ಲ. ಇಳಿದ ಜನರೆಲ್ಲ ಹೋಗಿ ಪ್ಲಾಟ್‌ಫಾರಂ ಖಾಲಿಯಾಯಿತು. ಭಾವ ಎದ್ದು ಪಂಚೆ ಕೊಡವಿಕೊಂಡವರ ಹಾಗೆ ಪ್ಯಾಂಟು ಕೊಡವಿಕೊಂಡರು.

'ನಿಮ್ಮಕ್ಕಂಗೆ ಪಾಸಾಯ್ತು ಅಂತ ಅಷ್ಟೇ ಹೇಳು.'

ಹಾಗೆಯೇ ಹೇಳಿದೆ. ಏನೇ ಆಗಲಿ ಎಂದು ಅಕ್ಕ ಮೊದಲೇ ಪಾಯಸ ಮಾಡಿಟ್ಟಿದ್ದಳು. ಮಕ್ಕಳಿಬ್ಬರೂ ಅಪ್ಪನ ಎರಡೂ ಪಕ್ಕಕ್ಕೆ ಅಂಟಿಕೊಂಡು ಕೂತರು. ಭಾವ, ಪಾಸಾದವರು ಹೇಗೆ ತಿನ್ನಬೇಕೋ ಹಾಗೆಯೇ, ನಗುನಗುತ್ತ ಎರಡು ಸಲ ಹಾಕಿಸಿಕೊಂಡು ತಿಂದರು.