ಡೇರೆ ಹೂ ಮತ್ತು ಐಗಿಲ್‌ನ ಶೆಡ್ಡು

ರಾತ್ರಿಯಿಡೀ ಸಮುದ್ರದಿಂದ ಬೀಸಿದ ಉಪ್ಪುಗಾಳಿಗೆ ಐಗಿಲ್‌ನ ಡೇರೆ ಹೂಗಳೆಲ್ಲ ಒಲೆಯಲ್ಲಿ ಮರೆತ ರೊಟ್ಟಿಯ ಹಾಗೆ ಕರಕಲಾಗಿದ್ದವು. ಬೇರೆ ದಿನವಾಗಿದ್ದರೆ ಹಾಳಾಗಿಹೋಗಲಿ ಎಂದು ಶೆಡ್ಡಿಗೆ ಹೋಗಿ ತಂಬಾಕಿನ ಪೈಪು ಹಚ್ಚುತ್ತಿದ್ದ. ಆದರೆ ಅಂದು ತೋಟದ ಸಂಘದವರು ಮನೆಮನೆಯ ಹಿತ್ತಲು ನೋಡಲು ಬರುವ ಭಾನುವಾರ. ಕಂಬಕ್ಕೆ ಬಾವುಟ ಏರಿಯಾಗಿತ್ತು. ಅಡುಗೆಮನೆಯಲ್ಲಿ ಹೆಂಡತಿ ಗುಡ್ರುನ್ ಕೇಕಿಗೆಂದು ಕೆನೆ ಕಡೆಯುತ್ತಿದ್ದಳು.

"ಹೋದ ವರ್ಷ ಆ ಸಂಘದ ಆಸ್ತಾ ನಮ್ಮ ಹಿತ್ತಲು ಪೂರ್ತಿ ನೋಡಿ ಏನಂದ್ಲು, ನೆನಪಿದೆಯಾ? ಕಾಫಿ ಚೆನ್ನಾಗಿದೆ ಅಂದ್ಲು. ಈ ಸಲಾನೂ ಕಾಫೀನೇ ಹೊಗಳಿದ್ರೆ ನಿನ್ನ ಶೆಡ್ಡು ಕೀಳಿಸಿ, ಗಾಳಿ ತಡೆಯೋಕೆ ಸಾಲಾಗಿ ಬೇಲಿಗಿಡ ಹಾಕಿಸ್ತೀನಿ," ಎಂದಳು ಕಿಟಕಿಯಿಂದಲೇ.

ಶೆಡ್ಡಿನೊಳಗೆ ಹಳೇ ಬಲೆ, ಮುರುಕು ಕುರ್ಚಿ, ಗೊರಗುಟ್ಟುವ ರೇಡಿಯೋ. ಬೂಟು ಒರೆಸಿಕೊಂಡು ಬಾ ಎಂದು ಯಾರೂ ಹೇಳದ ಜಾಗ ಐಗಿಲ್‌ಗೆ ಈ ಭೂಮಿಯ ಮೇಲೆ ಅದೊಂದೇ.

ಬೇಲಿಯ ಮೇಲೆ ಪಕ್ಕದ ಮನೆಯ ಟೋರ್ಕಿಲ್‌ನ ತಲೆ ಮೂಡಿತು. ಬಂದರಿನಲ್ಲಿ ಮೀನಿನ ಪೆಟ್ಟಿಗೆ ತೊಳೆದು ನಿವೃತ್ತನಾದವನು.

"ಉಪ್ಪು ತಾನೇ ಮಾರಾಯ? ತೊಳೆದ್ರೆ ಹೋಗುತ್ತೆ."

ಬೇಡ ಎನ್ನುವಷ್ಟರಲ್ಲಿ ನೀರಿನ ಪೈಪು ಹಿಡಿದು ಬಂದೇಬಿಟ್ಟ. ಮೀನಿನ ಪೆಟ್ಟಿಗೆಗೆ ಬಿಡುವಷ್ಟೇ ರಭಸವಾಗಿ ನೀರು ಬಿಟ್ಟ. ಅರ್ಧ ಗಿಡಗಳು ನೆಲಕಚ್ಚಿದವು.

"ಬಿದ್ದವು ಹೇಗೂ ಬೀಳೋವೇ. ಉಳಿದವನ್ನ ಕಟ್ಟಿಬಿಡೋಣ," ಎಂದ.

ದೋಣಿ ಕಟ್ಟುವ ಗಂಟು ಹಾಕಿ ಎಲ್ಲವನ್ನೂ ಒಂದೇ ಹಗ್ಗಕ್ಕೆ ಬಿಗಿದ. ಇನ್ನೊಂದು ಸಲ ಗಾಳಿ ಬಂದಾಗ, ಹೆಗಲ ಮೇಲೆ ಕೈ ಹಾಕಿಕೊಂಡು ಹೊರಟ ಕುಡುಕರಂತೆ ಡೇರೆಗಳೆಲ್ಲ ಒಟ್ಟಿಗೆ ಮಗುಚಿಕೊಂಡವು.

ಅಷ್ಟರಲ್ಲಿ ರಸ್ತೆಯಲ್ಲಿ ಸಂಘದವರ ಮಾತು ಕೇಳಿಸಿತು.

"ಕಿತ್ತು ಬೇಲಿಯಾಚೆ ನನ್ನ ಕಡೆ ಎಸಿ. ಏನೂ ಇಲ್ಲದಿದ್ರೆ ಯಾರೂ ಬೈಯೋಕಾಗಲ್ಲ," ಎಂದ ಟೋರ್ಕಿಲ್.

ಇಬ್ಬರೂ ಸೇರಿ ಕಿತ್ತರು. ಕೊನೆಗೆ ಉಳಿದದ್ದು, ಕಳೆ ತೆಗೆಯಲು ಸೋಮಾರಿತನ ಮಾಡಿ ಐಗಿಲ್ ಬಿಟ್ಟಿದ್ದ ನೀಲಿಛಾಯೆಯ ಮರಳುಹುಲ್ಲು. ಅದರ ನಡುವೆ ತಾನಾಗಿ ಹುಟ್ಟಿದ ಗುಲಾಬಿ ಬಣ್ಣದ ಪುಟ್ಟ ಕಡಲಹೂಗಳು.

ಸಂಘದ ಅಧ್ಯಕ್ಷೆ ಆಸ್ತಾ ಒಳಬಂದು ನಿಂತಳು. ಕನ್ನಡಕ ತೆಗೆದಳು, ಒರೆಸಿ ಮತ್ತೆ ಹಾಕಿಕೊಂಡಳು. ಗುಡ್ರುನ್ ಕಾಫಿ ಕೆಟಲು ಹಿಡಿದು ಹೊರಗೆ ಬಂದಳು.

"ಸಮುದ್ರದ ದಡದಲ್ಲಿ ಸಮುದ್ರದ ಗಿಡಾನೇ ಬೆಳೆಸಬೇಕು ಅನ್ನೋ ಬುದ್ಧಿ ಈ ಊರಲ್ಲಿ ಒಬ್ಬನಿಗಾದ್ರೂ ಬಂತಲ್ಲ," ಎಂದಳು ಆಸ್ತಾ. "ನಾವೆಲ್ಲ ವರ್ಷಾನುಗಟ್ಟಲೆ ಗಾಳಿ ಜೊತೆ ಗುದ್ದಾಡಿದ್ದೇ ಬಂತು. ಇದು ಹೇಗಪ್ಪ ಹೊಳೀತು ನಿನಗೆ?"

"ತುಂಬ ಯೋಚನೆ ಮಾಡ್ದೆ," ಎಂದ ಐಗಿಲ್. ಟೋರ್ಕಿಲ್‌ಗೆ ಕೆಮ್ಮು ಬಂತು.

ಗುಡ್ರುನ್‌ಳ ಮುಖ ಅರಳಿತು. ಗಂಡನ ತೋಳು ಹಿಡಿದುಕೊಂಡಳು. ಮದುವೆಯಾದ ಹೊಸದರಲ್ಲಿ ಹಿಡಿದಿದ್ದು ಬಿಟ್ಟರೆ ಮತ್ತೆ ಹಿಡಿದದ್ದು ಈಗಲೇ. ಐಗಿಲ್ ಮನಸ್ಸಿನಲ್ಲೇ ಮುರುಕು ಕುರ್ಚಿಗೆ ಹೋಗಿ ಕಾಲು ಚಾಚಿ ಕುಳಿತ.

ಆಸ್ತಾ ಹಿತ್ತಲಿನ ತುದಿಯವರೆಗೂ ನಡೆದು, ಬಗ್ಗಿ ನೋಡಿದಳು.

"ಒಂದೇ ಒಂದು ಕೊರತೆ. ಈ ಹುಲ್ಲಿನ ಚೆಂದ ಇರೋದೇ ಗಾಳೀಲಿ ಅಲೆಅಲೆಯಾಗಿ ತೂಗೋದ್ರಲ್ಲಿ. ಈ ತುದೀಲಿ ಮಾತ್ರ ಅಲ್ಲಾಡ್ತಾನೇ ಇಲ್ಲ. ಏನೋ ಗಾಳೀನ ತಡೀತಿದೆ."

ಎಲ್ಲರೂ ತಲೆ ಎತ್ತಿದರು. ಆ ತುದಿಯಲ್ಲೇ, ಸಮುದ್ರಕ್ಕೆ ಅಡ್ಡವಾಗಿ, ಶೆಡ್ಡು ಬಾಗಿಲು ಮುಚ್ಚಿಕೊಂಡು ಗಟ್ಟಿಯಾಗಿ ನಿಂತಿತ್ತು.

"ಟೋರ್ಕಿಲ್," ಎಂದಳು ಗುಡ್ರುನ್, ಗಂಡನ ತೋಳು ಬಿಡದೆಯೇ, "ನಿನ್ನ ಹತ್ರ ದೊಡ್ಡ ಸುತ್ತಿಗೆ ಇದೆ ಅಲ್ವಾ?"

ಅದನ್ನು ತರಲು ಟೋರ್ಕಿಲ್ ಆಗಲೇ ಬೇಲಿ ಹಾರಿದ್ದ.