ಸಂಪ್ ತುಂಬುವಷ್ಟರಲ್ಲಿ ಒಂದು ಚಿತ್ರ

ಐವತ್ತು ದಾಟಿದ ಗೃಹಿಣಿ ಗುಟ್ಟು ಇಟ್ಟುಕೊಳ್ಳಬಾರದು ಎಂದು ಯಾರೂ ಹೇಳಿಲ್ಲ. ಆದರೆ ಇಟ್ಟುಕೊಳ್ಳಲು ಮನೆಯಲ್ಲಿ ಜಾಗ ಇರುವುದಿಲ್ಲ. ನನ್ನ ಬೀರುವಿನಲ್ಲಿ ಮಗಳ ದುಪಟ್ಟಾಗಳಿವೆ, ನನ್ನ ಕೈಚೀಲದಲ್ಲಿ ಯಜಮಾನರ ಓದುವ ಕನ್ನಡಕವಿದೆ, ನನ್ನ ಮೊಬೈಲಿನಲ್ಲಿ ಅತ್ತೆಯವರ ಪ್ರವಚನಗಳು ತುಂಬಿಕೊಂಡಿವೆ. ಹೀಗಿದ್ದೂ ಒಂದೂವರೆ ವರ್ಷ ನಾನು ಒಂದು ಗುಟ್ಟನ್ನು ಕಾಪಾಡಿಕೊಂಡು ಬಂದೆನೆಂದರೆ ಅದಕ್ಕೆ ಕಾರಣ ನನ್ನ ಜಾಣತನವಲ್ಲ, ಕಾವೇರಿ ನೀರು. ಜಯನಗರದ ನಮ್ಮ ಬೀದಿಗೆ ದಿನ ಬಿಟ್ಟು ದಿನ ರಾತ್ರಿ ಹನ್ನೊಂದರ ಸುಮಾರಿಗೆ ನೀರು ಬಿಡುತ್ತಾರೆ. ನೆಲದಡಿಯ ಸಂಪ್ ತುಂಬುವವರೆಗೆ ಮನೆಯಲ್ಲಿ ಯಾರಾದರೂ ಎಚ್ಚರವಿದ್ದು, ತುಂಬಿದ ಮೇಲೆ ಹೊರಗೆ ಹೋಗಿ ವಾಲ್ವ್ ತಿರುಗಿಸಿ ಬರಬೇಕು. ಆ ‘ಯಾರಾದರೂ’ ಯಾರು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಯಾವತ್ತೂ ಚರ್ಚೆ ನಡೆದಿಲ್ಲ. ತಾನಾಗಿಯೇ ನಿಲ್ಲುವಂಥ ವಾಲ್ವ್ ಹಾಕಿಸಿಬಿಡೋಣ ಎಂದು ಯಜಮಾನರು ಪ್ರತಿ ಯುಗಾದಿಗೆ ಹೇಳುತ್ತಾರೆ. ಮೊದಮೊದಲು ನಾನು ಅವರ ಬೆನ್ನು ಬಿದ್ದಿದ್ದೆ. ಈಗ ಅವರು ಆ ಮಾತೆತ್ತಿದರೆ ನಾನೇ ವಿಷಯ ಬದಲಿಸುತ್ತೇನೆ.

ಏಕೆಂದರೆ ನೀರು ಬರುವ ರಾತ್ರಿಗಳಲ್ಲಿ ನಾನು ಚಿತ್ರ ಬಿಡಿಸುತ್ತೇನೆ. ಅಟ್ಟ ಸ್ವಚ್ಛ ಮಾಡುವಾಗ ಮಗಳ ಶಾಲೆಯ ದಿನಗಳ ಬಣ್ಣದ ಡಬ್ಬಿಯೊಂದು ಸಿಕ್ಕಿತ್ತು. ಹನ್ನೆರಡು ಬಿಲ್ಲೆಗಳು, ಒಣಗಿ ಬಿರುಕು ಬಿಟ್ಟಿದ್ದವು. ಎಸೆಯುವ ಮುಂಚೆ ಒಂದು ಹನಿ ನೀರು ಹಾಕಿ ನೋಡಿದೆ. ಕೆಂಪು ಬಿಲ್ಲೆ ನೆನೆದು ಮಿನುಗಿತು. ಹತ್ತು ವರ್ಷ ಯಾರೂ ಮಾತಾಡಿಸದಿದ್ದರೂ ಅದು ಕೆಂಪಾಗಿಯೇ ಇತ್ತಲ್ಲ ಎಂದು ನನಗೆ ವಿಪರೀತ ಸಂತೋಷವಾಯಿತು. ಆಮೇಲೆ ಇದೇ ಅಭ್ಯಾಸವಾಯಿತು. ಒಲೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ಬೆಳಗಿನ ಇಡ್ಲಿ ಹಿಟ್ಟು ಉಕ್ಕಿದರೆ ಚೆಲ್ಲದಿರಲೆಂದು ಪಾತ್ರೆಯ ಕೆಳಗೆ ತಟ್ಟೆ ಇಟ್ಟು, ಊಟದ ಮೇಜಿನ ಮೂಲೆಯಲ್ಲಿ ಕೂರುವುದು. ಜಲವರ್ಣಕ್ಕೆ ಬೇಕಾದ ಗುಣ ತಾಳ್ಮೆ ಎನ್ನುತ್ತಾರೆ. ಅದನ್ನು ಗೃಹಿಣಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದು ಬಣ್ಣ ಒಣಗುವ ಮುಂಚೆ ಇನ್ನೊಂದನ್ನು ಹಚ್ಚಿದರೆ ಎರಡೂ ಕೆಡುತ್ತವೆ, ಹಾಗಾಗಿ ಆಕಾಶ ಒಣಗುವಷ್ಟರಲ್ಲಿ ನಾನು ಎರಡು ಹಿಡಿ ಅವರೆಕಾಳು ಹಿತುಕಿಬಿಡುತ್ತಿದ್ದೆ.

ಚಿತ್ರಗಳು ಚೆನ್ನಾಗಿದ್ದವೇ ಎಂದರೆ, ಇಲ್ಲ. ಹೊಸಕೆರೆಹಳ್ಳಿ ಕೆರೆಯನ್ನು ಏಳು ಸಲ ಬಿಡಿಸಿದ್ದೇನೆ. ಏಳರಲ್ಲಿ ಒಂದೂ ಕೆರೆಯ ಹಾಗಿಲ್ಲ, ಒಂದು ಮಾತ್ರ ಸ್ವಲ್ಪ ಪಾಲಕ್ ಸಾರಿನ ಹಾಗಿದೆ. ಆದರೆ ಆ ಒಂದು ಗಂಟೆಯಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನಾನು ಮಾಡಿದ್ದನ್ನು ಯಾರೂ ತಿನ್ನುತ್ತಿರಲಿಲ್ಲ, ಉಡುತ್ತಿರಲಿಲ್ಲ, ಉಪ್ಪು ಕಡಿಮೆ ಎನ್ನುತ್ತಿರಲಿಲ್ಲ. ಬಿಡಿಸಿದ್ದನ್ನು ಹಳೆಯ ಕ್ಯಾಲೆಂಡರುಗಳ ನಡುವೆ ಸೇರಿಸಿ, ದೀಪ ಆರಿಸಿ, ಸುಖವಾಗಿ ನಿದ್ದೆ ಮಾಡುತ್ತಿದ್ದೆ. ಅಷ್ಟು ಸುಖ ಈ ವಯಸ್ಸಿನಲ್ಲಿ ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಸಿಕ್ಕಿಬಿದ್ದದ್ದು ಗುಲ್‌ಮೊಹರ್ ಮರದಿಂದಾಗಿ. ಹಸಿ ಹಾಳೆಯ ಮೇಲೆ ಕೆಂಪು ತಾನಾಗಿ ಹರಡಿಕೊಳ್ಳುವುದನ್ನು ನೋಡುತ್ತಾ ನಾನು ಮೈಮರೆತೆ. ಹನ್ನೆರಡೂವರೆಗೆ ಎದುರು ಮನೆಯ ಅಂಕಲ್ ಯಜಮಾನರ ಫೋನಿಗೇ ಕರೆ ಮಾಡಿ, “ಸಾರ್, ನಿಮ್ಮ ಸಂಪ್ ತುಂಬಿ ರೋಡೆಲ್ಲಾ ನೀರು, ನಮ್ಮ ಗೇಟ್‌ವರೆಗೂ ಬಂದಿದೆ” ಎಂದರು. ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಹೊರಗೆ ಓಡಿ ವಾಲ್ವ್ ತಿರುಗಿಸಿದರು. ವಾಪಸು ಬಂದಾಗ ಮೇಜಿನ ಬಳಿ ಬ್ರಷ್ ಹಿಡಿದು ನಿಂತಿದ್ದ ನನ್ನನ್ನೂ ಹಾಳೆಯನ್ನೂ ನೋಡಿದರು. ಬೈಗುಳಕ್ಕೆ ಸಿದ್ಧವಾಗಿದ್ದೆ. ಅವರು ಕಾಲು ಒರೆಸಿಕೊಳ್ಳುತ್ತಾ, “ಅಯ್ಯೋ, ನೀನಾ ಮಾಡಿದ್ದು? ಚೆನ್ನಾಗಿದೆ ಕಣೇ” ಎಂದುಬಿಟ್ಟರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮರುದಿನ ಮಗಳು ಹಳೆಯ ಕ್ಯಾಲೆಂಡರುಗಳನ್ನೆಲ್ಲ ಕೊಡವಿ ಒಂದೊಂದನ್ನೂ ಹೊರಗೆಳೆದಳು. “ಅಮ್ಮಾ, ಸಖತ್ತಾಗಿದೆ. ನಿನ್ನ ಹೆಸರಲ್ಲಿ ಒಂದು ಪೇಜ್ ಓಪನ್ ಮಾಡ್ತೀನಿ” ಎಂದಳು. ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹದಿನಾಲ್ಕು ಚಿತ್ರಗಳು ಹೋದವು. ಯಜಮಾನರು ಪಾಲಕ್ ಸಾರಿಗೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದರು. ಅವರ ಸಹೋದ್ಯೋಗಿಯೊಬ್ಬರು ಅದನ್ನು ನೋಡಿ, “ಮಗಳು ಚಿಕ್ಕವಳಿದ್ದಾಗ ಬಿಡಿಸಿದ್ದಾ ಸಾರ್?” ಎಂದು ಪ್ರೀತಿಯಿಂದ ಕೇಳಿದರು. ಜೆ.ಪಿ. ನಗರದಿಂದ ನಾದಿನಿಯ ಫೋನು ಬಂತು. ಅವಳ ಮಗಳ ಸೀಮಂತ ಹತ್ತಿರದಲ್ಲಿತ್ತು. “ಅತ್ತಿಗೆ, ತಾಂಬೂಲದ ಚೀಲದಲ್ಲಿ ಇಡೋಕೆ ಇಪ್ಪತ್ತೈದು ಚಿಕ್ಕ ಚಿಕ್ಕ ಪಾರಿಜಾತ ಮಾಡ್ಕೊಡ್ತೀರಾ? ಹೇಗೂ ರಾತ್ರಿ ಎದ್ದಿರ್ತೀರಲ್ಲ” ಎಂದಳು. ಇಲ್ಲ ಎನ್ನುವ ಪದ ನನ್ನ ಬಾಯಿಗೆ ಸಮಯಕ್ಕೆ ಸರಿಯಾಗಿ ಬಂದದ್ದೇ ಇಲ್ಲ.

ಮೊದಲ ನಾಲ್ಕು ಪಾರಿಜಾತಗಳು ಉತ್ಸಾಹದಲ್ಲಿ ಆದವು. ಐದನೆಯದಕ್ಕೆ ನಾನು ಗಡಿಯಾರ ನೋಡಿದೆ. ಎಂಟನೆಯದಕ್ಕೆ ಆಕಳಿಸಿದೆ. ನೀರು ಬಾರದ ರಾತ್ರಿಗಾಗಿ ಕಾಯುವಂತಾಯಿತು. ಒಂದು ಗಂಟೆ ನನಗೆಂದು ಇತ್ತು, ಅದನ್ನೂ ಹೊಗಳಿಯೇ ಕಿತ್ತುಕೊಂಡರಲ್ಲ ಎಂದು ಎಲ್ಲರ ಮೇಲೂ ಸಿಟ್ಟು ಬಂತು. ಯಾರನ್ನೂ ಬೈಯುವ ಹಾಗಿರಲಿಲ್ಲ, ಎಲ್ಲರೂ ನನ್ನ ಒಳ್ಳೆಯದಕ್ಕೇ ಮಾಡಿದ್ದರು.

ಒಂಬತ್ತನೆಯ ಹೂವಿನ ರಾತ್ರಿ ಅತ್ತೆ ಎದ್ದು ಬಂದರು. ಅವರಿಗೆ ಎಂಬತ್ತು, ನಿದ್ದೆ ಕಡಿಮೆ. ಎದುರಿನ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡಿದರು.

“ನೀರು ಬಂತಾ?”

“ಬರ್ತಿದೆ ಅತ್ತೆ.”

“ಪಾತ್ರೆ ತಿಕ್ಕೋ ಮುಖ ಮಾಡ್ಕೊಂಡು ಯಾಕೆ ಬಣ್ಣ ಹಚ್ತಿದೀಯ?”

ನನಗೆ ಅಳು ಬಂದುಬಿಟ್ಟಿತು. ಎಲ್ಲವನ್ನೂ ಹೇಳಿಕೊಂಡೆ. ಇಪ್ಪತ್ತೈದು ಕೇಳಿದವಳು ಅವರ ಮಗಳೇ ಎಂಬುದು ಅರ್ಧ ಹೇಳಿದ ಮೇಲೆ ನೆನಪಾಯಿತು. ಅತ್ತೆ ಪೂರ್ತಿ ಕೇಳಿ, ಸಮಾಧಾನದ ಒಂದು ಮಾತೂ ಆಡದೆ, “ನಂಗೂ ಒಂದು ಹಾಳೆ ಕೊಡು” ಎಂದರು. ಕೊಟ್ಟೆ. ಅವರು ಬ್ರಷ್ಷನ್ನು ನೀಲಿ ಬಿಲ್ಲೆಯಲ್ಲಿ ಅದ್ದಿ, ಹಾಳೆಯ ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ, ಒಂದು ಚೂರೂ ಬಿಡದೆ, ನಿಧಾನವಾಗಿ ಹಚ್ಚಿದರು. ಎಲ್ಲೂ ಗೆರೆಯಿಲ್ಲ, ಕಲೆಯಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಅವರ ಮುಖ ಅಷ್ಟು ಹಗುರವಾಗಿದ್ದುದನ್ನು ನಾನು ಈ ಇಪ್ಪತ್ತಾರು ವರ್ಷಗಳಲ್ಲಿ ನೋಡಿರಲಿಲ್ಲ.

“ಏನತ್ತೆ ಇದು?”

“ನೀಲಿ.”

“ಅಂದ್ರೆ, ಆಕಾಶನಾ?”

“ನೀಲಿ ಕಣಮ್ಮ. ಇನ್ನೇನಾಗ್ಬೇಕು ಅದು?”

ಅವರು ಹಾಳೆಯನ್ನು ಅಲ್ಲೇ ಬಿಟ್ಟು ಮಲಗಲು ಹೋದರು. ನಾನು ವಾಲ್ವ್ ತಿರುಗಿಸಿ ಬಂದು ಬಹಳ ಹೊತ್ತು ಆ ನೀಲಿಯನ್ನು ನೋಡುತ್ತಾ ನಿಂತೆ. ನನ್ನ ಏಳು ಕೆರೆಗಳಲ್ಲಿ ಇಲ್ಲದ್ದೇನೋ ಅದರಲ್ಲಿತ್ತು. ಬೆಳಿಗ್ಗೆ ಕಾಫಿಗೆ ಮುಂಚೆ, ಕಿಟಕಿಯ ಬೆಳಕಿನಲ್ಲಿ ಅದನ್ನಿಟ್ಟು ಫೋಟೋ ತೆಗೆದು, “ನಮ್ಮ ಅತ್ತೆಯವರ ಮೊದಲ ಚಿತ್ರ” ಎಂದು ಬರೆದು ಗ್ರೂಪಿಗೆ ಹಾಕಿದೆ. ಹೌದು, ನಾನೇ.

ತಿಂಡಿಯ ಹೊತ್ತಿಗೆ ಮಗಳು ಮೊಬೈಲ್ ಹಿಡಿದು ಓದತೊಡಗಿದಳು. ಮೈಸೂರಿನ ಚಿಕ್ಕಪ್ಪ ಸಮುದ್ರ ಎಂದಿದ್ದರು. ಯಾರೋ ಕೃಷ್ಣನ ಮೈಬಣ್ಣ ಎಂದು ಕೈಮುಗಿದಿದ್ದರು. ನಾದಿನಿ, “ಅಮ್ಮ, ಪಾರಿಜಾತಕ್ಕೆ ಬ್ಯಾಕ್‌ಗ್ರೌಂಡ್ ನೀನೇ ಹಾಕ್ಕೊಟ್ಬಿಡು, ಅತ್ತಿಗೆಗೂ ಕೆಲಸ ಹಗುರ ಆಗುತ್ತೆ” ಎಂದು ಬರೆದಿದ್ದಳು. ಅತ್ತೆ ಇಡ್ಲಿಯಿಂದ ಕೈ ತೆಗೆದರು.

“ಯಾರು ಕಳಿಸಿದ್ದು?”

“ನಾನೇ ಅತ್ತೆ. ತುಂಬಾ ಚೆನ್ನಾಗಿತ್ತಲ್ಲ ಅಂತ.”

“ಎಂಬತ್ತು ವರ್ಷಕ್ಕೆ ಮೊದಲನೇ ಸಲ ಯಾರಿಗೂ ಅಂತಲ್ಲದೆ ಒಂದು ಮಾಡ್ಕೊಂಡಿದ್ದೆ ಕಣಮ್ಮ. ಅದನ್ನೂ ಹಂಚ್ಬಿಟ್ಟೆಯಾ.”

ದನಿ ಏರಿಸಿರಲಿಲ್ಲ. ಹಿಂದಿನ ರಾತ್ರಿ ಇದೇ ದುಃಖವನ್ನು ಅವರ ಮುಂದೆ ತೋಡಿಕೊಂಡವಳು ನಾನು. ನಾಚಿಕೆಯಿಂದ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಆ ಮಧ್ಯಾಹ್ನವೇ ನಾದಿನಿಗೆ ಫೋನ್ ಮಾಡಿ, ಜೀವನದಲ್ಲಿ ಮೊದಲ ಬಾರಿಗೆ, ನನ್ನ ಕೈಲಾಗುವುದಿಲ್ಲ, ಅತ್ತೆಯ ಕೈಲೂ ಆಗುವುದಿಲ್ಲ ಎಂದೆ. ಅವಳು, “ಒಳ್ಳೇದಾಯ್ತು ಬಿಡಿ ಅತ್ತಿಗೆ. ಕುಂಕುಮದ ಭರಣಿ ಕೊಡ್ತೀನಿ, ಅದಾದ್ರೆ ಉಪಯೋಗಕ್ಕೆ ಬರುತ್ತೆ” ಎಂದಳು. ಇಷ್ಟು ಸುಲಭವಿತ್ತೇ ಎಂದು ಸಂತೋಷಪಡಬೇಕೋ, ನನ್ನ ಹೂವಿಗಿಂತ ಭರಣಿ ಮೇಲಾಯಿತೇ ಎಂದು ಬೇಸರಪಡಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಅತ್ತೆ ಎರಡು ನೀರಿನ ರಾತ್ರಿ ಬರಲಿಲ್ಲ. ಮೂರನೆಯದಕ್ಕೆ ಬಂದರು. ಕೂತು, ಪರೀಕ್ಷೆಯಲ್ಲಿ ಮಕ್ಕಳು ಮಾಡುವಂತೆ ಎಡಗೈಯನ್ನು ಹಾಳೆಗೆ ಅಡ್ಡ ಇಟ್ಟುಕೊಂಡರು. ಈಗ ಹೀಗೇ ನಡೆದಿದೆ. ಮುಗಿದ ಹಾಳೆಯನ್ನು ಅವರು ತಮ್ಮ ಕೋಣೆಗೆ ಒಯ್ಯುತ್ತಾರೆ, ಎಲ್ಲಿಡುತ್ತಾರೋ ನನಗೆ ಗೊತ್ತಿಲ್ಲ. ನೋಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ನೋಡುವುದೂ ಇಲ್ಲ. ವಾಲ್ವ್ ತಿರುಗಿಸಲು ಎದ್ದಾಗ ಮಾತ್ರ ಹತ್ತಿರದ ಅಡುಗೆಮನೆಯ ಬಾಗಿಲು ಬಿಟ್ಟು, ಮೇಜನ್ನು ಸುತ್ತಿ, ಅವರ ಕುರ್ಚಿಯ ಹಿಂದಿನಿಂದ ಮುಂಬಾಗಿಲಿಗೆ ಹೋಗುತ್ತೇನೆ. ಮೊನ್ನೆ ಹಾಗೆ ಹೋಗುತ್ತಿದ್ದಾಗ ಅತ್ತೆ ತಲೆಯೆತ್ತದೆ, ಎಡಗೈಯನ್ನು ಇನ್ನಷ್ಟು ಬಳಸಿ ಹಿಡಿದು ಹೇಳಿದರು: “ಸಂಪ್‌ಗೆ ಅಡುಗೆಮನೆ ಕಡೆಯಿಂದ ಹತ್ತಿರ ಕಣಮ್ಮ.”